ಗಂಗಿ ಎಮ್ಮೆಯ ಪುರಾಣ

ದೌಲಪ್ಪ ಮಾಸ್ತರರು ಸುಳ್ಳು ಹೇಳುವವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನು ಓದಿದ ಮೇಲೆ ಯಾರೂ ನಂಬುವುದಿಲ್ಲ. ಅವರ ತೊಂದರೆ ಇಷ್ಟೇ: ನಾಲ್ಕು ಜನರ ಮುಂದೆ ಎದ್ದು ನಿಂತರೆ ಅವರ ಬಾಯಿ ಅವರ ಮಾತು ಕೇಳುತ್ತಿರಲಿಲ್ಲ. ಅದು ತನ್ನ ಪಾಡಿಗೆ ಏನಾದರೊಂದು ಹೇಳಿಬಿಡುತ್ತಿತ್ತು. ಆಮೇಲೆ ಅದನ್ನು ನಿಜ ಮಾಡಿ ತೋರಿಸುವ ಕೆಲಸ ಮಾಸ್ತರರ ತಲೆಯ ಮೇಲೆ ಬೀಳುತ್ತಿತ್ತು. ಹೆಣ್ಣು ನೋಡಲು ಹೋದಾಗ ‘ನನಗ ಹಾರ್ಮೋನಿಯಂ ಬರ್ತದ’ ಎಂದದ್ದೂ ಅದೇ ಬಾಯಿ. ಹೆಂಡತಿ ಸುನಂದಾ ಆ ಹಾರ್ಮೋನಿಯಂ ಎಲ್ಲಿದೆ ಎಂದು ಇವತ್ತಿಗೂ ಕೇಳುತ್ತಿದ್ದಾಳೆ.

ಆಷಾಢದ ಕೊನೆಗೆ ಕಲಬುರಗಿಯಲ್ಲಿ ಶಿಕ್ಷಕರ ಸಭೆ ನಡೆಯಿತು. ಮಕ್ಕಳ ಓದು ಬರಹವನ್ನು ಸುಧಾರಿಸುವುದು ಹೇಗೆ ಎಂಬುದು ಅಂದಿನ ವಿಷಯ. ಗೋಡೆಯ ಪರದೆಯ ಮೇಲೆ ಒಂದೊಂದೇ ಶಾಲೆಯ ಹೆಸರು ಮೂಡುತ್ತಿತ್ತು. ಮಕ್ಕಳು ಒಂದು ಪುಟವನ್ನು ಸರಾಗವಾಗಿ ಓದಿದರೆ ಹಸಿರು, ತಡವರಿಸಿ ಓದಿದರೆ ಹಳದಿ. ಕಮಲಾಪುರದ ಸಂತೆಮಾಳದ ಹಿಂದಿನ ಶಾಲೆಯ ಐದನೇ ತರಗತಿ, ಅಂದರೆ ನಮ್ಮ ದೌಲಪ್ಪ ಮಾಸ್ತರರ ತರಗತಿ, ಕೆಂಪಗೆ ಹೊಳೆಯಿತು. ಕಮಲಾಪುರದ ಬಾಳೆಹಣ್ಣೂ ಕೆಂಪೇ, ಅದರಿಂದ ಊರಿಗೆ ಹೆಸರು ಬಂದಿದೆ. ಈ ಕೆಂಪಿನಿಂದ ಹೆಸರು ಬರುವ ಲಕ್ಷಣ ಇರಲಿಲ್ಲ.

ಅಧಿಕಾರಿ ಭುವನೇಶ್ವರಿ ಮೇಡಂ ಆ ಕುರ್ಚಿಗೆ ಹೊಸಬರು. ಎಂದೂ ದನಿ ಏರಿಸುತ್ತಿರಲಿಲ್ಲ, ಎಲ್ಲರಿಗೂ ಅದೇ ಭಯವಾಗಿತ್ತು. “ದೌಲಪ್ಪನವರ, ಇದಕ್ಕ ಏನ್ ಹೇಳ್ತೀರಿ?” ಎಂದು ಮೆಲ್ಲಗೆ ಕೇಳಿದರು.

ಮಾಸ್ತರರು ಎದ್ದು ನಿಂತರು. ‘ಕಮ್ಮಿ ಬಿದ್ದದ್ರಿ, ಸುಧಾರಿಸ್ತೀನಿ’ ಎನ್ನಬೇಕೆಂದು ಮನಸ್ಸಿನಲ್ಲಿ ಇತ್ತು. ಬಾಯಿ ಅದನ್ನು ಒಪ್ಪಲಿಲ್ಲ.

“ಮೇಡಂ, ಆ ಪರೀಕ್ಷಾ ದಿವಸ ಎಲ್ಲಾ ಮಕ್ಕಳಿಗೂ ನೆಗಡಿ ಇತ್ತರಿ. ಹಂಗ ನೋಡಿದ್ರ ನಮ್ಮ ಮಕ್ಕಳು ಓದಾಕ ಕುಂತ್ರ ಊರಿಗೆ ಊರೇ ಬಂದು ಕುಂತು ಕೇಳ್ತದ್ರಿ.”

ಮೇಡಂ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ಊರೇ?”

“ಊರೇರಿ. ಹೆಣ್ಮಕ್ಕಳು ಒಲಿ ಮ್ಯಾಲಿನ ಪಲ್ಯಾ ಬಿಟ್ಟು ಬರ್ತಾರ್ರಿ.” ಪಕ್ಕದಲ್ಲಿದ್ದ ಶಿಕ್ಷಕರು ಅಂಗಿ ಹಿಡಿದು ಜಗ್ಗಿದ ಮೇಲೆಯೇ ಅವರು ಕೂತದ್ದು.

“ಛಲೋ ಆತು. ಶ್ರಾವಣ ಮುಗಿಯೋದ್ರೊಳಗ ಒಂದು ಸಂಜಿ ನಾನೂ ಬಂದು ಕೇಳ್ತೀನಿ,” ಎಂದರು ಮೇಡಂ. “ಯಾವತ್ತು ಅಂತ ಹೇಳಂಗಿಲ್ಲ. ನೀವು ಅಂದಂಗ ಇದ್ರ ಸಂತೋಷ. ಇರಲಿಲ್ಲಂದ್ರ ಐದನೇ ಕ್ಲಾಸಿಗೆ ಬ್ಯಾರೆಯವ್ರನ್ನ ಹಾಕ್ತೀನಿ. ನೀವು ಇಲ್ಲೇ ಪುಸ್ತಕದ ಗೋದಾಮಿನ್ಯಾಗ ಪೆಟಗಿ ನೋಡ್ಕೊಂಡು ಇರ್ರಿ.”

ಆ ಗೋದಾಮು ಕಲಬುರಗಿಯ ಗಾಜಿಪುರ ಬಡಾವಣೆಯಲ್ಲಿದ್ದ ಮಾಸ್ತರರ ಮನೆಗೆ ಕೂಗಳತೆಯಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಕಮಲಾಪುರಕ್ಕೆ ಹೋಗುವುದು ತಪ್ಪಿತೆಂದು ಪೇಢೆ ಹಂಚುತ್ತಿದ್ದರು. ಮಾಸ್ತರರಿಗೆ ಮಾತ್ರ ಅದು ಬೇಡವಾಗಿತ್ತು. ಆ ಮಕ್ಕಳನ್ನು ಬೆಳಗಿನಿಂದ ಸಂಜೆಯ ತನಕ ಬಯ್ಯುತ್ತಿದ್ದರು ನಿಜ. ಆದರೆ ರವಿವಾರ ಬಂತೆಂದರೆ ಬಯ್ಯಲು ಯಾರೂ ಇಲ್ಲದೆ ಮಂಕಾಗುತ್ತಿದ್ದರು. ಆ ತರಗತಿ ಕೈಬಿಟ್ಟು ಹೋದರೆ ತಾವು ಮಾಸ್ತರರಾಗಿ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮನೆಯಲ್ಲಿ ಸುನಂದಾ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಕೇಳಿ ಅವಳ ಕೈ ನಿಲ್ಲಲಿಲ್ಲ.

“ಊರೇ ಕೇಳ್ತದ ಅಂದ್ರ್ಯಾ? ಮನ್ಯಾಗ ನಾ ಒಬ್ಬಾಕಿ ಇದ್ದೀನಿ, ನಾನೇ ಕೇಳಂಗಿಲ್ಲ.”

“ಈಗ ಏನ್ ಮಾಡ್ಲಿ ಹೇಳು.”

“ಏನ್ ಮಾಡ್ತೀರಿ? ಆಟೋಕ್ಕ ಮೈಕ್ ಕಟ್ಟಿಸಿ ಊರ ತುಂಬ ಸಾರಸ್ರಿ. ಬರ್ರಿ, ನಮ್ಮ ಹುಡುಗರು ಓದ್ತಾರ, ಬಂದು ಕೇಳ್ರಿ ಅಂತ.”

ಸುನಂದಾ ಇದನ್ನು ಹೇಳಿದ್ದು ಚೇಷ್ಟೆಗೆ. ಮಾಸ್ತರರು ರೊಟ್ಟಿಯ ತುಣುಕನ್ನು ಬಾಯಿಯ ಹತ್ತಿರವೇ ಹಿಡಿದು ಯೋಚಿಸಿದರು. ಮದುವೆಯಾದಾಗಿನಿಂದ ಹೆಂಡತಿ ಇಷ್ಟು ಒಳ್ಳೆಯ ಸಲಹೆ ಕೊಟ್ಟದ್ದು ಅವರಿಗೆ ನೆನಪಿರಲಿಲ್ಲ.

ಕಮಲಾಪುರದಲ್ಲಿ ಮೈಕ್ ಸೆಟ್ ಎಂದರೆ ಮಕ್ಸೂದ್. ಯಾರ ಮದುವೆ, ಯಾರ ಮಣ್ಣು, ಯಾರ ಆಡು ಕಳೆದಿದೆ ಎಂಬುದನ್ನೆಲ್ಲ ಊರು ಅವನ ಆಟೋದಿಂದಲೇ ತಿಳಿಯಬೇಕು. ಮಾಸ್ತರರು ಅವನಿಗೆ ಒಂದು ಚೀಟಿ ಬರೆದುಕೊಟ್ಟರು: ‘ಸಂಜೆ ಶಾಲೆಯ ಅಂಗಳದಲ್ಲಿ ಮಕ್ಕಳಿಂದ ವಾಚನ. ಎಲ್ಲರೂ ಬರಬೇಕು.’

ಮಕ್ಸೂದ್ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಇಷ್ಟೇನ್ರಿ ಮಾಸ್ತರ್ ಸಾಬ್? ಭಾಳ ಸಪ್ಪಗ ಆಗ್ಯಾದ. ಹಿಂಗ ಹೇಳಿದ್ರ ನಮ್ಮ ಮನ್ಯಾಗಿನವ್ರೂ ಬರಂಗಿಲ್ಲ.”

“ನಿನಗ ತಿಳಿದಂಗ ನಾಕು ಮಾತು ಸೇರಸಪಾ. ಮಂದಿ ಬರಬೇಕು, ಅಷ್ಟೇ.”

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಶ್ರಾವಣ ಬಂತೆಂದರೆ ಕಮಲಾಪುರದ ಮಠದಲ್ಲಿ ತಿಂಗಳು ಪೂರ್ತಿ ಪುರಾಣ ನಡೆಯುತ್ತದೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅದನ್ನು ಬಿಡಿಸಿ ಹೇಳುತ್ತಾರೆ, ತಬಲಾದವನು ಸಾಥ್ ಕೊಡುತ್ತಾನೆ. ಕಥೆಯಲ್ಲಿ ಶರಣರು ಹುಟ್ಟಿದ ದಿನ ಹೆಂಗಸರು ನಿಜವಾದ ತೊಟ್ಟಿಲು ತಂದು ಕಟ್ಟಿ ಜೋಗುಳ ಹಾಡುತ್ತಾರೆ. ಕಥೆಯಲ್ಲಿ ಮದುವೆಯಾದರೆ ಕೇಳುವವರೆಲ್ಲ ಎದ್ದು ಅಕ್ಕಿಕಾಳು ಹಾಕುತ್ತಾರೆ. ಕೊನೆಯ ದಿನ ಪುರಾಣದ ಮಂಗಲ, ಊರಿಗೆ ಊಟ. ಆ ವರ್ಷ ಮಠದ ಮಾಳಿಗೆ ಸೋರುತ್ತಿತ್ತೆಂದು ಕಿತ್ತು ಹಾಕಿದ್ದರಿಂದ ಪುರಾಣ ಇರಲಿಲ್ಲ. ಸಂಜೆಯಾದರೆ ಊರ ಹೆಂಗಸರಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಆ ಊರಲ್ಲಿ ವರ್ಷಗಟ್ಟಲೆ ಪುರಾಣ ಸಾರಿದವನು ಇದೇ ಮಕ್ಸೂದ್. ಶ್ರಾವಣ, ಸಂಜೆ, ವಾಚನ ಎಂಬ ಮೂರು ಮಾತು ಒಟ್ಟಿಗೆ ಬಂದರೆ ಅವನ ನಾಲಿಗೆ ತಾನಾಗಿಯೇ ಹಳೆಯ ದಾರಿ ಹಿಡಿಯುತ್ತಿತ್ತು.

“ಸಮಸ್ತ ಭಕ್ತಾದಿಗಳಲ್ಲಿ ವಿನಂತಿ. ಶ್ರಾವಣ ಮಾಸದ ನಿಮಿತ್ತ ಸಂತೆಮಾಳದ ಶಾಲೆಯ ಆವರಣದಲ್ಲಿ ಪ್ರತಿದಿನ ಸಾಯಂಕಾಲ ವಾಚನ ಏರ್ಪಡಿಸಲಾಗಿದೆ. ತಾವೆಲ್ಲರೂ ತನು, ಮನ, ಧನದಿಂದ ಸೇವೆ ಸಲ್ಲಿಸಿ ಪುನೀತರಾಗಬೇಕು.”

ಮಾಸ್ತರರಿಗೂ ಅದು ಕಿವಿಗೆ ಬಿತ್ತು. ಪಾಲಕರನ್ನು ಎಷ್ಟು ಗೌರವದಿಂದ ಕರೆಯುತ್ತಾನೆ ಈ ಹುಡುಗ ಎಂದು ಮೆಚ್ಚಿಕೊಂಡರು.

ಅಂದು ಸಂಜೆ ನಾಲ್ಕು ಜನ ಬಂದರೆ ಸಾಕು ಎಂದುಕೊಂಡಿದ್ದವರಿಗೆ ಗೇಟಿನ ಹೊರಗೆ ಚಪ್ಪಲಿಗಳ ರಾಶಿ ಕಂಡಿತು. ಅಂಗಳ ತುಂಬಿತ್ತು. ಹೆಂಗಸರ ಸೆರಗಿನಲ್ಲಿ ಜೋಳ, ಕೈಯಲ್ಲಿ ತೆಂಗಿನಕಾಯಿ, ಎಣ್ಣೆಯ ಬಟ್ಟಲು. ಶಾಲೆಗೆ ಬರಿಗೈಲಿ ಬರಬಾರದೆಂಬ ತಿಳಿವಳಿಕೆ ಈ ಜನಕ್ಕೆ ಎಷ್ಟಿದೆ ಎಂದು ಮಾಸ್ತರರ ಕಣ್ಣು ತುಂಬಿ ಬಂತು. ಜೋಳವನ್ನು ಬಿಸಿಯೂಟದ ಕೋಣೆಗೆ ಸಾಗಿಸಿದರು. ಹೆಡ್ಮಾಸ್ತರರು ನಿವೃತ್ತಿಗೆ ಹತ್ತಿರವಾಗಿದ್ದರು, ಯಾವ ವಿಷಯಕ್ಕೂ “ನೋಡೋಣು” ಎನ್ನುತ್ತಿದ್ದರು. ಇದಕ್ಕೂ “ನೋಡೋಣು” ಎಂದು ಮನೆಗೆ ಹೋದರು.

ಮುಂದಿನ ಸಾಲಿನಲ್ಲಿ ಶಿವಕಾಂತಮ್ಮ ಕೂತಿದ್ದಳು. ಊರಲ್ಲಿ ಅವಳಿಲ್ಲದೆ ಪುರಾಣ ಶುರುವಾದದ್ದಿಲ್ಲ. ಓದು ಬಾರದಿದ್ದರೂ ಪುರಾಣದವರು ಒಂದು ಸಾಲು ಹಾರಿಸಿದರೆ ಅಲ್ಲಿಂದಲೇ ಕೈ ಎತ್ತಿ ತಡೆಯುತ್ತಿದ್ದಳು. ದೊಡ್ಡ ದೊಡ್ಡ ಶಾಸ್ತ್ರಿಗಳು ಅವಳ ಮುಖ ನೋಡಿಕೊಂಡು ಪುಟ ತಿರುವುತ್ತಿದ್ದರು. ಅವಳ ಪಕ್ಕದಲ್ಲಿ ಭಜನಾ ಮೇಳದ ಅಂಬಣ್ಣ ತಬಲಾ ಬಿಚ್ಚಿಟ್ಟುಕೊಂಡು ಕೂತಿದ್ದ.

“ನಿನ್ನ ಯಾರು ಕರದ್ರೋ ಅಂಬಣ್ಣಾ?” ಎಂದರು ಮಾಸ್ತರರು.

“ಕರೀಬೇಕೇನ್ರಿ ಇಂಥಾದ್ದಕ್ಕ?” ಎಂದು ಅಂಬಣ್ಣ ಸುತ್ತಿಗೆಯಿಂದ ತಬಲಾದ ಅಂಚು ಬಡಿಯತೊಡಗಿದ.

ಓದಲು ಮಾಸ್ತರರು ಆರಿಸಿದ್ದು ಶಾಲೆಯ ಕಪಾಟಿನಲ್ಲಿದ್ದ ಒಂದು ತೆಳ್ಳನೆಯ ಕಥೆಪುಸ್ತಕ. ಸೂಗಮ್ಮ ಎಂಬ ಬಡ ಹೆಂಗಸಿನ ಗಬ್ಬದ ಎಮ್ಮೆ ಗಂಗಿ ಕಳೆದುಹೋಗುತ್ತದೆ, ಸೂಗಮ್ಮ ಹುಡುಕಿಕೊಂಡು ಹೊರಡುತ್ತಾಳೆ, ಅದೇ ಕಥೆ. ಮೊದಲು ಮಲ್ಲುವನ್ನು ನಿಲ್ಲಿಸಿದರು. ಮಲ್ಲು ತರಗತಿಯಲ್ಲೇ ಜೋರು ಬಾಯಿಯ ಹುಡುಗ. ಅಕ್ಷರ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಬೇರೆಯವರು ಓದಿದ್ದನ್ನು ಕೇಳಿ ಬಾಯಿಪಾಠ ಒಪ್ಪಿಸುತ್ತಿದ್ದ. ಮೈಕ್ ಮುಂದೆ ನಿಂತವನು ನೆನಪಿದ್ದ ಅರ್ಧ ಪುಟವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಎಮ್ಮೆ ಯಾವಾಗ ಹೊರಟಿತು, ಯಾವಾಗ ಕಳೆಯಿತು ಎಂದು ಯಾರಿಗೂ ಗೊತ್ತಾಗಲಿಲ್ಲ.

ಶಿವಕಾಂತಮ್ಮನ ಕೈ ಮೇಲೆ ಹೋಯಿತು. “ನಿಂದ್ರಪಾ. ಯಾರೂ ಬೆನ್ನು ಹತ್ತಿಲ್ಲ ನಿನಗ. ಓದಾವ್ರು ಒಬ್ರು ಬೇಕು, ಬಿಡಿಸಿ ಹೇಳಾವ್ರು ಒಬ್ರು ಬೇಕು. ಇದೇನು ಮಾಸ್ತರ, ಇಷ್ಟೂ ಗೊತ್ತಿಲ್ಲೇನು ನಿನಗ?”

ಗೊತ್ತಿಲ್ಲ ಎನ್ನಲು ಮಾಸ್ತರರ ಬಾಯಿಗೆ ಅಭ್ಯಾಸವಿರಲಿಲ್ಲ. “ಅದನ್ನೇ ಮಾಡಾವ ಇದ್ದೆ ನೋಡ್ರಿ ಅಮ್ಮಾ,” ಎಂದು ಹೇಳಿ ಕೈಗೆ ಸಿಕ್ಕ ಮುಬಶ್ಶಿರಾಳನ್ನು ಎಳೆದು ನಿಲ್ಲಿಸಿದರು.

ಮುಬಶ್ಶಿರಾ ತರಗತಿಯಲ್ಲಿ ಇದ್ದಾಳೆಂಬುದು ಹಾಜರಿ ಕೂಗುವಾಗ ಮಾತ್ರ ತಿಳಿಯುತ್ತಿತ್ತು. ಮನೆಯಲ್ಲಿ ಉರ್ದು ಮಾತು, ಶಾಲೆಯಲ್ಲಿ ಕನ್ನಡದ ಅಕ್ಷರ. ತಪ್ಪಾದೀತೆಂದು ಅವಳು ಬಾಯಿಯನ್ನೇ ತೆರೆಯುತ್ತಿರಲಿಲ್ಲ. ತೆರೆದರೂ ದನಿ ಮೊದಲ ಬೆಂಚು ದಾಟುತ್ತಿರಲಿಲ್ಲ. ಈಗ ಅವಳು ಪುಸ್ತಕ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ತನಗೆ ತಾನೇ ಎಂಬಂತೆ ಓದಿದಳು. ಮಕ್ಸೂದನ ಮೈಕು ಆ ಸಣ್ಣ ದನಿಯನ್ನು ಎತ್ತಿ ಸಂತೆಮಾಳದ ಆಚೆಗೂ ಮುಟ್ಟಿಸಿತು. “ಗಂಗಿ ಆ ದಿನ ಮನೆಗೆ ಬರಲಿಲ್ಲ.” ಅಷ್ಟು ಓದಿ ನಿಂತಳು. ಅಂಬಣ್ಣ ತಬಲಾದ ಮೇಲೆ ‘ಧಾ’ ಎಂದು ಒಂದು ಪೆಟ್ಟು ಹಾಕಿದ. ಹೆಂಗಸರು ನಿಟ್ಟುಸಿರು ಬಿಟ್ಟರು.

“ಈಗ ನೀ ಹೇಳೋ,” ಎಂದಳು ಶಿವಕಾಂತಮ್ಮ ಮಲ್ಲುವಿಗೆ.

“ಅಂದ್ರ ಏನ್ರಿ, ಸೂಗಮ್ಮ ಬಾಗಲಾಗ ಕುಂತಾಳ. ಕತ್ತಲಾಗಾಕತ್ತದ. ಎಲ್ಲರ ಎಮ್ಮಿ ಬಂದಾವ, ಇವಳದೊಂದೇ ಬಂದಿಲ್ಲ. ಮ್ಯಾಲ ಅದು ಗಬ್ಬದ ಎಮ್ಮಿ. ನಿಮ್ಮದೇ ಆಗಿದ್ರ ನಿಮಗ ಊಟ ಸೇರ್ತಿತ್ತೇನ್ರಿ?”

“ಇಲ್ಲ ಬಿಡಪಾ,” ಎಂದಿತು ಸಭೆ.

ಅಂದಿನಿಂದ ಅದೇ ಪದ್ಧತಿಯಾಯಿತು. ಒಬ್ಬರು ಓದುವುದು, ಒಬ್ಬರು ಬಿಡಿಸಿ ಹೇಳುವುದು, ಪೂರ್ಣವಿರಾಮ ಬಂದಲ್ಲಿ ಅಂಬಣ್ಣನ ಪೆಟ್ಟು. ದಿನಕ್ಕೊಂದು ಜೋಡಿಯ ಪಾಳಿ. ಪೂರ್ಣವಿರಾಮದಲ್ಲಿ ನಿಲ್ಲಬೇಕೆಂದು ಮಾಸ್ತರರು ವರ್ಷವಿಡೀ ಗಂಟಲು ಹರಿದುಕೊಂಡಿದ್ದರು, ಒಬ್ಬರೂ ನಿಂತಿರಲಿಲ್ಲ. ಈಗ ತಬಲಾ ಬಾರಿಸಲಿ ಎಂದೇ ಮಕ್ಕಳು ಪೂರ್ಣವಿರಾಮ ಹುಡುಕತೊಡಗಿದರು. ಬಿಡಿಸಿ ಹೇಳುವ ಆಸೆಗೆ ಮಲ್ಲು ಮೊದಲ ಸಲ ಪುಸ್ತಕವನ್ನು ಕಣ್ಣಿಟ್ಟು ನೋಡಿದ. ತಪ್ಪು ಹೇಳಿದರೆ ಮಾಸ್ತರರ ಕೈಯಿಂದ ತಪ್ಪಿಸಿಕೊಳ್ಳಬಹುದಿತ್ತು, ಶಿವಕಾಂತಮ್ಮನಿಂದ ಆಗುತ್ತಿರಲಿಲ್ಲ.

ಮಾಸ್ತರರಿಗೆ ನಿಜ ಸಂಗತಿ ತಿಳಿದದ್ದು ಗಂಗಿ ಈದ ದಿನ. ನಾಳೆ ಗಂಗಿ ಈಯುತ್ತದೆ ಎಂದು ಮಲ್ಲು ಹಿಂದಿನ ಸಂಜೆಯೇ ಸಭೆಗೆ ಹೇಳಿದ್ದ. ಹಾಳುಬಿದ್ದ ಗುಡಿಯ ನೆರಳಿನಲ್ಲಿ ಗಂಗಿ ಕರು ಹಾಕುವ ಪುಟವನ್ನು ಮಕ್ಕಳು ಓದಲು ಶುರುಮಾಡಿದ್ದರಷ್ಟೇ, ಗೇಟಿನಿಂದ ಒಂದು ತೊಟ್ಟಿಲು ಒಳಗೆ ಬಂತು. ಅದಕ್ಕೆ ಚೆಂಡು ಹೂವಿನ ಮಾಲೆ. ಹಿಂದೆ ಗುಗ್ಗರಿಯ ಪಾತ್ರೆ ಹೊತ್ತ ಹೆಂಗಸರು.

“ಇದು ಯಾಕ್ರಿ ಅಮ್ಮಾ?”

“ಕರಾ ಹುಟ್ಟೇದಲ್ಲ ಮಾಸ್ತರ. ತೊಟ್ಟಲಾ ಕಟ್ಟಬ್ಯಾಡೇನು? ಪುರಾಣದಾಗ ಯಾವ ಕೂಸು ಹುಟ್ಟಿದ್ರೂ ಕಟ್ತೀವಿ.”

ಚಪ್ಪಲಿ, ಜೋಳ, ತಬಲಾ, ಭಕ್ತಾದಿಗಳು, ಎಲ್ಲವೂ ಮಾಸ್ತರರ ತಲೆಯಲ್ಲಿ ಒಮ್ಮೆಲೇ ಸಾಲಾಗಿ ಬಂದು ನಿಂತವು. ಇದು ಪುರಾಣವಲ್ಲ, ಪಾಠ ಎಂದು ಈಗ ಹೇಳಿದರೆ ಅಂಗಳ ಖಾಲಿಯಾಗುತ್ತದೆ. ಮೇಡಂ ಬಂದರೆ ಖಾಲಿ ಅಂಗಳ ಕಾಣುತ್ತದೆ, ಆಮೇಲೆ ಗೋದಾಮು. ಹೇಳದಿದ್ದರೆ ಇಡೀ ಊರಿಗೆ ಮೋಸ. “ಅಮ್ಮಾ, ಒಂದು ಮಾತು” ಎಂದು ಬಾಯಿ ತೆರೆದರು. ಜೀವಮಾನದಲ್ಲಿ ಎಂದೂ ಕೈಕೊಡದ ಆ ಬಾಯಿ ಅವತ್ತು ಕೈಕೊಟ್ಟಿತು.

“ಮಾತು ಆಮ್ಯಾಲ,” ಎಂದಳು ಶಿವಕಾಂತಮ್ಮ. “ಹಗ್ಗಾ ಹಿಡಿ.”

ಮಾಸ್ತರರು ಹಗ್ಗ ಹಿಡಿದರು. ಮಣ್ಣಿನಿಂದ ಮಾಡಿದ ಕರುವನ್ನು ತೊಟ್ಟಿಲಲ್ಲಿ ಮಲಗಿಸಿ, ಅದಕ್ಕೆ ಕೆಂಪಿ ಎಂದು ಹೆಸರಿಟ್ಟು, ಹೆಂಗಸರು ಜೋಗುಳ ಹಾಡಿದರು.

ಆದರೆ ಪುಸ್ತಕ ತೆಳ್ಳನೆಯದು. ಶ್ರಾವಣ ಅರ್ಧಕ್ಕೆ ಬರುವಷ್ಟರಲ್ಲಿ ಗಂಗಿ ಕರುವಿನೊಂದಿಗೆ ಮನೆಗೆ ಬಂದಿತು, ಸೂಗಮ್ಮ ನಕ್ಕಳು, ಪುಟ ಮುಗಿಯಿತು. “ಕಥೆ ಮುಗೀತ್ರಿ,” ಎಂದರು ಮಾಸ್ತರರು. ಯಾರೂ ಏಳಲಿಲ್ಲ.

“ಹ್ಯಾಂಗ ಮುಗೀತದ?” ಎಂದಳು ಒಬ್ಬಾಕೆ. “ಆ ಕೆಂಪಿ ಕರದ ಕಥಿ ಏನಾತು?”

“ಸೂಗಮ್ಮಗ ಒಬ್ಬಾಕಿ ಮಗಳಿದ್ದಳಲ್ಲ, ಆಕಿ ಮದಿವಿ?”

“ಶ್ರಾವಣ ಅರ್ಧಾ ಇರುವಾಗ ಎಲ್ಲೆರ ಪುರಾಣ ಮುಗೀತದೇನು?” ಎಂದಳು ಶಿವಕಾಂತಮ್ಮ. “ನಾಳಿ ಮುಂದಿಂದು ಓದಸು.”

ಮುಂದಿನದು ಎಲ್ಲೂ ಇರಲಿಲ್ಲ. ಮರುದಿನ ಬೆಳಗ್ಗೆ ಮಾಸ್ತರರು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ‘ಮುಂದೆ ಏನಾಯಿತು?’ ಎಂದು ಬರೆದು ಕುರ್ಚಿಯಲ್ಲಿ ಕುಸಿದು ಕೂತರು. ಬರೆಯಿರಿ ಎಂದರೆ ಪೆನ್ನಿನಲ್ಲಿ ಶಾಯಿ ಇಲ್ಲ, ಹೊಟ್ಟೆನೋವು ಎನ್ನುತ್ತಿದ್ದ ಮಕ್ಕಳು ಅಂದು ಮಧ್ಯಾಹ್ನದ ಊಟದ ಗಂಟೆ ಬಾರಿಸಿದರೂ ತಲೆ ಎತ್ತಲಿಲ್ಲ. ಎಲ್ಲರದನ್ನೂ ತರಗತಿಯಲ್ಲಿ ಓದುವುದು, ಎಲ್ಲರೂ ಒಪ್ಪಿದ್ದನ್ನು ಸಂಜೆ ಮೈಕಿನಲ್ಲಿ ಓದುವುದು ಎಂದಾಯಿತು. ಅದಕ್ಕಾಗಿ ಜಗಳಗಳಾದವು. ಕೆಂಪಿಗೆ ಹಾವು ಕಚ್ಚಿಸಿದ ಹುಡುಗನನ್ನು ಉಳಿದವರು ಎರಡು ದಿನ ಮಾತಾಡಿಸಲಿಲ್ಲ. ಅವನು ಔಷಧಿ ಬರೆದು ಗುಣಪಡಿಸಿದ ಮೇಲೆಯೇ ರಾಜಿಯಾದದ್ದು. ಸೂಗಮ್ಮನ ಮಗಳು ಚಂಪಾಳಿಗೆ ಗಂಡು ಗೊತ್ತು ಮಾಡಿದವಳು ಮುಬಶ್ಶಿರಾ. ಗಂಡಿಗೆ ಓದು ಬರುತ್ತದೆ ಎಂದು ಅವಳು ಒತ್ತಿ ಬರೆದಿದ್ದಳು.

ಇತ್ತ ಗಾಜಿಪುರದಲ್ಲಿ ಸುನಂದಾಳಿಗೆ ಅನುಮಾನ ಹತ್ತಿತು. ಗಂಡ ದಿನಾ ತಡವಾಗಿ ಬರುತ್ತಿದ್ದ, ಚೀಲದಲ್ಲಿ ಕೆಂಪು ಬಾಳೆಹಣ್ಣು ಇರುತ್ತಿತ್ತು. “ಪಗಾರ ಈಗ ಹಣ್ಣಿನ್ಯಾಗ ಕೊಡಾಕತ್ತಾರೇನು?” ಎಂದು ಕೇಳಿದಳು. “ಊರವ್ರ ಪ್ರೀತಿ,” ಎಂದರು ಮಾಸ್ತರರು. ಅಪರೂಪಕ್ಕೆ ನಿಜ ಹೇಳಿದ್ದರಿಂದ ಸುನಂದಾ ನಂಬಲಿಲ್ಲ. ಸೋಮವಾರ ಶರಣಬಸವೇಶ್ವರ ಗುಡಿಗೆ ಹೋದಾಗ ಗಂಡನ ಬಾಯಿಗಾಗಿ ಎರಡು ಕಾಯಿ ಹೆಚ್ಚಿಗೆ ಒಡೆಸಿ ಬಂದಳು.

ಭುವನೇಶ್ವರಿ ಮೇಡಂ ಕಮಲಾಪುರಕ್ಕೆ ಬಂದದ್ದು ಚಂಪಾಳ ಮದುವೆಯ ದಿನ.

ಶಾಲೆಯ ಗೇಟಿಗೆ ಬಾಳೆಕಂಬ ಕಟ್ಟಿತ್ತು. ಅಂಗಳಕ್ಕೆ ಹಂದರ. ತೊಟ್ಟಿಲು ಇನ್ನೂ ಬೇವಿನ ಕೊಂಬೆಗೆ ತೂಗಾಡುತ್ತಿತ್ತು. ಇಳಕಲ್ ಸೀರೆಯ ಹೆಂಗಸರು ಅರಿಶಿನದ ಅಕ್ಕಿ ಹಿಡಿದು ಕೂತಿದ್ದರು. ಅಂಬಣ್ಣ ಅವತ್ತು ಶಹನಾಯಿಯವನೊಬ್ಬನನ್ನೂ ಕರೆತಂದಿದ್ದ. ಮೇಡಂ ಜೀಪಿನಿಂದ ಇಳಿದು ಇದನ್ನೆಲ್ಲ ಒಂದು ಸುತ್ತು ನೋಡಿದರು.

“ದೌಲಪ್ಪನವರ, ಇಲ್ಲಿ ಯಾರ ಮದುವಿ?”

“ಚಂಪಾಂದ್ರಿ ಮೇಡಂ.”

“ಯಾರು ಆಕಿ?”

“ಎಮ್ಮಿ ಒಡತಿ ಮಗಳ್ರಿ.”

“ಎಲ್ಲಿ ಅದಾಳ?”

“ಕಥಿಯೊಳಗ ಅದಾಳ್ರಿ.”

ಮೇಡಂ ಚೀಲದ ಬಾಯಿ ಬಿಚ್ಚಿದರು. “ಶಾಲ್ಯಾಗ ಪುರಾಣ ಹಚ್ಯಾರ ಅಂತ ಯಾರೋ ಫೋನ್ ಮಾಡಿದ್ರು. ನಾ ಪೂರಾ ನಂಬಿರಲಿಲ್ಲ, ಆದ್ರೂ ಬರಕೊಂಡೇ ಬಂದೀನಿ,” ಎಂದು ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟರು. “ಓದ್ಕೊಳ್ರಿ.”

ನೋಟೀಸು. ಮಾಸ್ತರರ ಕಣ್ಣಿಗೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತವು.

“ಏನದು ಕಾಗದ?” ಎಂದಳು ಶಿವಕಾಂತಮ್ಮ ಕೂತಲ್ಲಿಂದಲೇ. “ಈ ಅಂಗಳದಾಗ ಏನೇ ಬಂದ್ರೂ ಎಲ್ಲರ ಮುಂದ ಓದೂದು ಪದ್ಧತಿ. ಮುಬಶ್ಶಿರಾ, ತಗೋ ಮಗಾ.”

ಮೇಡಂ ಬೇಡ ಎನ್ನುವುದರೊಳಗೆ ಕಾಗದ ಮೈಕಿನ ಮುಂದೆ ಹೋಗಿತ್ತು. ಮುಬಶ್ಶಿರಾ ಗಂಟಲು ಸರಿಮಾಡಿಕೊಂಡು, ಕಥೆಯನ್ನು ಓದುವ ಅದೇ ದನಿಯಲ್ಲಿ ಶುರುಮಾಡಿದಳು.

“ಸದರಿ ಶಾಲೆಯ ಆವರಣದಲ್ಲಿ ಇಲಾಖೆಯ ಪೂರ್ವಾನುಮತಿ ಪಡೆಯದೆ ಧಾರ್ಮಿಕ ಕಾರ್ಯಕ್ರಮ ಏರ್ಪಡಿಸಿರುವುದು ಮೇಲ್ನೋಟಕ್ಕೆ ಕಂಡುಬಂದಿದ್ದು, ಇದರಿಂದ ವಿದ್ಯಾರ್ಥಿಗಳ ಕಲಿಕೆಗೆ ಧಕ್ಕೆಯುಂಟಾಗಿರುವ ಸಾಧ್ಯತೆ ಇರುವುದರಿಂದ, ಸದರಿ ಶಿಕ್ಷಕರು ಈ ಬಗ್ಗೆ ಲಿಖಿತ ವಿವರಣೆಯನ್ನು ಸಲ್ಲಿಸತಕ್ಕದ್ದು, ತಪ್ಪಿದಲ್ಲಿ...”

ಅಂಬಣ್ಣ ಕೈ ಎತ್ತಿ ಕಾದಿದ್ದ. ಪೂರ್ಣವಿರಾಮ ಬರಲೊಲ್ಲದು. ಎತ್ತಿದ ಕೈ ನೋಯತೊಡಗಿತು, ಇನ್ನೊಂದು ಕೈಯಿಂದ ಅದನ್ನು ಆನಿಸಿ ಹಿಡಿದ. ಮುಬಶ್ಶಿರಾ ಮಾತ್ರ ಎಡವಲಿಲ್ಲ. ಉದ್ದದ ಮಾತನ್ನು ಬೆರಳಿನಿಂದ ಬಿಡಿಸಿಕೊಂಡು, ಅಲ್ಪವಿರಾಮದಲ್ಲಿ ಉಸಿರು ತೆಗೆದುಕೊಂಡು, “ತಮ್ಮನ್ನು ತರಗತಿ ಬೋಧನೆಯಿಂದ ಬಿಡುಗಡೆಗೊಳಿಸಲಾಗುವುದು” ಎಂಬಲ್ಲಿಗೆ ತಲುಪಿ ನಿಂತಳು. ‘ಧಾ’ ಎಂದು ಪೆಟ್ಟು ಬಿತ್ತು. ಅಂಬಣ್ಣ ತೋಳು ನೀವಿಕೊಂಡ.

ಮಲ್ಲು ಎದ್ದು ನಿಂತು ಕಾಗದವನ್ನು ತಾನೂ ಒಮ್ಮೆ ನೋಡಿದ. “ಅಂದ್ರ ಏನ್ರಿ, ‘ಸದರಿ ಶಿಕ್ಷಕರು’ ಅಂದ್ರ ನಮ್ಮ ಸರ್. ‘ಮೇಲ್ನೋಟಕ್ಕೆ’ ಅಂದ್ರ ಮ್ಯಾಲಿಂದ ಮ್ಯಾಲ ನೋಡ್ಯಾರ, ಇನ್ನಾ ಒಳಗ ಬಂದು ಕುಂತು ನೋಡಿಲ್ಲ. ‘ಸಾಧ್ಯತೆ’ ಅಂದ್ರ ಆಗಿರಬಹುದು, ಆಗಿರಲಿಕ್ಕಿಲ್ಲ, ಮೇಡಮ್ಮವ್ರಿಗೂ ಖಾತ್ರಿ ಇಲ್ಲ. ನಮ್ಮ ಸರ್ ಹಿಂಗ್ಯಾಕ ಮಾಡೀನಿ ಅಂತ ಬರದು ಕೊಡಬೇಕು.” ಅಲ್ಲಿಗೆ ಅವನ ದನಿ ಇಳಿಯಿತು. “ಕೊಡಲಿಲ್ಲಂದ್ರ ನಮ್ಮ ಸರ್‌ನ ನಮ್ಮಿಂದ ತಗೊಂಡು ಹೋಗ್ತಾರ.”

ಹೆಂಗಸರೆಲ್ಲ ಮೇಡಂ ಕಡೆ ತಿರುಗಿ ನೋಡಿದರು.

ಮೇಡಂ ಚಪ್ಪಲಿ ಬಿಟ್ಟು ಹಂದರದೊಳಗೆ ಬಂದರು. “ಈ ಕಾಗದ ಮೊದಲೇ ಓದಿದ್ಯೇನು?” ಎಂದು ಮುಬಶ್ಶಿರಾಳನ್ನು ಕೇಳಿದರು. “ಇಲ್ರಿ ಮೇಡಂ, ಈಗ ನೋಡೀನ್ರಿ.” ಆಮೇಲೆ ಅವರು ತಮ್ಮ ಚೀಲದಲ್ಲಿದ್ದ ಆ ದಿನದ ಪತ್ರಿಕೆ ತೆಗೆದು ಹಿಂದಿನ ಸಾಲಿನ ಒಂದೊಂದೇ ಮಗುವಿನ ಕೈಗೆ ಕೊಟ್ಟರು. ಒಬ್ಬರು ಓದಿದರು, ಪಕ್ಕದವರು ಬಿಡಿಸಿ ಹೇಳಿದರು, ಅಂಬಣ್ಣ ಬಾರಿಸಿದ. ಕೆಲವರು ತಡವರಿಸಿದರು, ಹಿಂದಕ್ಕೆ ಹೋಗಿ ಮತ್ತೆ ಓದಿದರು. ಯಾರೂ ಸುಮ್ಮನೆ ನಿಂತುಬಿಡಲಿಲ್ಲ. ಮಾಸ್ತರರು ಗೋಡೆಗೆ ಆತು ನಿಂತು ಎಲ್ಲವನ್ನೂ ನೋಡಿದರು. ಇವರು ನನ್ನ ಮಕ್ಕಳು ಎಂದು ಕೂಗಿ ಹೇಳಬೇಕೆನಿಸಿತು. ಬಾಯಿ ಅವತ್ತು ಎಲ್ಲೋ ಹೋಗಿತ್ತು.

“ದೌಲಪ್ಪನವರ, ವಿವರಣೆ ಯಾವಾಗ ಕೊಡ್ತೀರಿ?”

“ನಾವು ಬರೀತೇವ್ರಿ,” ಎಂದಿತು ಐದನೇ ತರಗತಿ.

ಅಲ್ಲೇ ನೆಲದ ಮೇಲೆ ಕೂತು, ಒಬ್ಬರ ಸಾಲನ್ನು ಒಬ್ಬರು ತಿದ್ದಿ, ಜಗಳಾಡಿ ಬರೆದುಕೊಟ್ಟರು. ‘ಮೇಡಂ ಅವರಿಗೆ ನಮಸ್ಕಾರಗಳು. ಇದು ಧಾರ್ಮಿಕ ಕಾರ್ಯಕ್ರಮ ಅಲ್ಲ. ಇದು ಎಮ್ಮೆಯ ಕಥೆ. ಅರ್ಧ ಪುಸ್ತಕದ್ದು, ಅರ್ಧ ನಾವು ಬರೆದದ್ದು. ನಮ್ಮ ಕಲಿಕೆಗೆ ಧಕ್ಕೆ ಆಗಿಲ್ಲ, ಈ ಕಾಗದವೇ ಸಾಕ್ಷಿ. ನಮ್ಮ ಸರ್ ನಮಗೆ ಬೇಕು. ಚಂಪಾಳ ಮದುವೆಗೆ ನೀವು ಬಂದಿದ್ದೀರಿ, ಅಕ್ಕಿಕಾಳು ಹಾಕಿ ಹೋಗಬೇಕು.’

ಮೇಡಂ ಅದನ್ನು ಎರಡು ಸಲ ಓದಿದರು. ನೋಟೀಸಿನ ಬದಿಗೆ ‘ವಿವರಣೆ ಬಂದಿದೆ, ತೃಪ್ತಿಕರವಾಗಿದೆ’ ಎಂದು ಬರೆದು ಸಹಿ ಹಾಕಿದರು. “ಊರಿಗೆ ಊರೇ ಬರ್ತದ ಅಂದಿದ್ರಿ. ನಾ ಮನಸಿನ್ಯಾಗ ನಕ್ಕಿದ್ದೆ,” ಎಂದರು ಮಾಸ್ತರರಿಗೆ. “ಐದನೇ ಕ್ಲಾಸು ನಿಮ್ಮದೇ.” ಆಮೇಲೆ ಅಕ್ಕಿಕಾಳಿಗೆ ಕೈ ಚಾಚಿದರು.

ಶ್ರಾವಣದ ಕೊನೆಯ ದಿನ ಮಂಗಲ. ತೆಳ್ಳನೆಯ ಪುಸ್ತಕವನ್ನೂ ಮಕ್ಕಳು ಬರೆದ ಹಾಳೆಗಳನ್ನೂ ಒಟ್ಟಿಗೆ ಹೊಲಿದು, ಶಾಲು ಹೊದಿಸಿ, ಶಿವಕಾಂತಮ್ಮ ತಲೆಯ ಮೇಲೆ ಹೊತ್ತು ಸಂತೆಮಾಳ ಸುತ್ತಿ ಬಂದಳು. ಸುನಂದಾ ಅವತ್ತು ಮೊದಲ ಸಲ ಕಮಲಾಪುರಕ್ಕೆ ಬಂದಿದ್ದಳು. ಜನವನ್ನೆಲ್ಲ ಕಣ್ಣು ತುಂಬ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದವಳಿಗೆ, ಯಾರೂ ಕೇಳದಿದ್ದರೂ, “ಆ ಮಾಸ್ತರ ನಮ್ಮ ಮನಿಯವ್ರು” ಎಂದಳು.

ಮಾಸ್ತರರು ಮಾತ್ರ ಅರ್ಧ ಊಟಕ್ಕೆ ಎದ್ದುಬಿಟ್ಟರು. ಮಾಡಿದ ಮೋಸ ಎದೆಯಲ್ಲಿ ಕೂತಿತ್ತು. ಶಿವಕಾಂತಮ್ಮನ ಪಕ್ಕ ಹೋಗಿ ಕೈ ಮುಗಿದು ಕೂತರು.

“ಅಮ್ಮಾ, ನನ್ನದು ತಪ್ಪಾಗ್ಯಾದ್ರಿ. ಇದು ಪುರಾಣ ಅಲ್ರಿ. ಸಾಲಿ ಕಪಾಟಿನ್ಯಾಗಿನ ಹುಡುಗರ ಕಥಿ ಪುಸ್ತಕ್ರಿ. ನಿಮಗ ಮೊದಲೇ ಹೇಳಬೇಕಿತ್ತು.”

ಶಿವಕಾಂತಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಹುಟ್ಟಿದಾಗಿಂದ ಪುರಾಣ ಕೇಳಿದಾಕಿ ನಾ. ಎಮ್ಮಿ ಪುರಾಣ ಯಾವುದು ಅದ ಮಾಸ್ತರ? ಮೊದಲನೇ ದಿವಸ ಆ ಪುಸ್ತಕದ ಮ್ಯಾಲಿನ ಎಮ್ಮಿ ಚಿತ್ರ ನೋಡಿದೆ, ನಿನಗ ಪದ್ಧತಿ ಹೇಳಿ ಎದ್ದು ಹೋಗಾಕಿ ಇದ್ದೆ. ಅಷ್ಟರಾಗ ಈ ಹುಡುಗಿ ಬಾಯಿ ತೆರೀತು. ನಾ ಎದ್ರ ಎಲ್ಲರೂ ಏಳ್ತಿದ್ರು, ಆಕಿ ದನಿ ಮತ್ತ ಒಳಗ ಹೋಗ್ತಿತ್ತು. ಅದಕ್ಕ ಕುಂತೆ.”

ಮಾಸ್ತರರ ಬಾಯಿ ತೆರೆದುಕೊಂಡಿತು. ಹೇಳಲು ಅದಕ್ಕೆ ಏನೋ ಇತ್ತು, ಬಹಳವೇ ಇತ್ತು.

“ಈಗ ಸುಮ್ಮ ಕೂಡು ಮಾಸ್ತರ,” ಎಂದಳು ಶಿವಕಾಂತಮ್ಮ. “ಹುಡುಗಿ ಓದಾಕತ್ತಾಳ.”

ಮೈಕಿನಲ್ಲಿ ಮುಬಶ್ಶಿರಾ ಕೊನೆಯ ಹಾಳೆ ತಿರುವಿದಳು. ದೌಲಪ್ಪ ಮಾಸ್ತರರು ಬಾಯಿ ಮುಚ್ಚಿಕೊಂಡು ಊರಿನ ಜೊತೆ ಕೂತು ಕೇಳಿದರು.